ಮಾರ್ಗಕ್ಕೊಂದು ಇಸವಿ: ರೈಲು ಸಿಮ್ಯುಲೇಟರಿನಲ್ಲಿ ಚರಿತ್ರೆಯ ನಿಖರತೆ



ಈ ಪುಸ್ತಿಕೆಯ ಮುಖಪುಟದಲ್ಲಿ ಯಾರ ಹೆಸರಿದೆಯೋ ಆ ಮೇಷ್ಟ್ರು ಇಸವಿ ನಮೂದಿಸದ ನಕ್ಷೆಯನ್ನು ತಿದ್ದದೆಯೇ ವಾಪಸು ಕೊಡುತ್ತಿದ್ದರೆಂದು ಅವರ ಶಿಷ್ಯರು ಈಗಲೂ ನೆನೆಯುತ್ತಾರೆ. ಅಂಥವರ ಹೆಸರಿನ ದತ್ತಿ ಉಪನ್ಯಾಸಕ್ಕೆ ನನ್ನನ್ನು ಕರೆದದ್ದು ದೊಡ್ಡ ಗೌರವ. ಇವತ್ತು ನಾನು ವಾದಿಸಹೊರಟಿರುವುದೂ ಅವರ ಆ ಹಟದ ಪರವಾಗಿಯೇ.

ಪೀಠಿಕೆಯನ್ನು ಬೇಗ ಮುಗಿಸುತ್ತೇನೆ. ಕಂಪ್ಯೂಟರಿನಲ್ಲಿ ರೈಲು ಓಡಿಸುವ ಹವ್ಯಾಸಕ್ಕೆ ದೊಡ್ಡ ತಿರುವು ಕೊಟ್ಟದ್ದು 2001ರ ಮೈಕ್ರೋಸಾಫ್ಟ್ ಟ್ರೈನ್ ಸಿಮ್ಯುಲೇಟರ್. ಅದರಲ್ಲಿ ಆರು ಮಾರ್ಗಗಳಿದ್ದವು. ಹೊಸ ಮಾರ್ಗ ಕಟ್ಟುವ ಸಲಕರಣೆಯೂ ಜೊತೆಗೇ ಬಂತು. ಆ ಮಾರ್ಗಗಳನ್ನು ಇಂದಿಗೂ ಓಡಿಸಬಲ್ಲ ಓಪನ್ ರೈಲ್ಸ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಇವುಗಳ ಕಾರ್ಯವಿಧಾನದ ಬಗ್ಗೆ ಬೇಕಾದಷ್ಟು ಬರಹಗಳಿವೆ, ಆಸಕ್ತರು ಓದಿಕೊಳ್ಳಬಹುದು. ನನ್ನ ಪ್ರಶ್ನೆ ಒಂದೇ: ಒಂದು ಮಾರ್ಗ ಚರಿತ್ರೆಗೆ ನಿಷ್ಠವಾಗಿದೆ ಎಂದು ನಾವು ಒಪ್ಪಬೇಕಾದದ್ದು ಯಾವಾಗ?

ಆ ಆರರಲ್ಲಿ ಇಂಗ್ಲೆಂಡಿನ ಸೆಟಲ್-ಕಾರ್ಲೈಲ್ ಮಾರ್ಗವೂ ಒಂದು. ಕಾಲ 1920ರ ದಶಕ, ಎಂಜಿನ್ ಫ್ಲೈಯಿಂಗ್ ಸ್ಕಾಟ್ಸ್‌ಮನ್. ಇಲ್ಲೇ ತಕರಾರು. ಈ ಹಾದಿಯನ್ನು ಕಟ್ಟಿದ್ದು ಮಿಡ್‌ಲ್ಯಾಂಡ್ ರೈಲ್ವೆ. 1876ರಲ್ಲಿ ಪ್ರಯಾಣಿಕರ ಗಾಡಿಗಳು ಶುರುವಾದವು. 1923ರ ವಿಲೀನದಲ್ಲಿ ಅದು ಎಲ್.ಎಂ.ಎಸ್. ಕಂಪನಿಗೆ ಸೇರಿತು. ಅದೇ 1923ರಲ್ಲಿ ಡಾನ್‌ಕಾಸ್ಟರಿನಲ್ಲಿ ತಯಾರಾಗಿ ಹೊರಬಂದ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಇದ್ದದ್ದು ಪ್ರತಿಸ್ಪರ್ಧಿ ಎಲ್.ಎನ್.ಇ.ಆರ್. ಕೈಯಲ್ಲಿ. ಅದರ ಓಡಾಟ ಲಂಡನ್ನಿನ ಕಿಂಗ್ಸ್ ಕ್ರಾಸಿನಿಂದ ಹೊರಡುವ ಪೂರ್ವ ಕರಾವಳಿಯ ಹಾದಿಯಲ್ಲಿ. 1928ರ ಮೇ 1ರಂದು ಎಡಿನ್‌ಬರೋವರೆಗೆ ಎಲ್ಲೂ ನಿಲ್ಲದೆ ಓಡಿ ಅದು ಹೆಸರು ಮಾಡಿದ್ದೂ ಆ ಹಾದಿಯಲ್ಲೇ.

ಆಟದಲ್ಲಿ ಈ ಎಂಜಿನ್ ಇಟ್ಟದ್ದನ್ನು ಸಮರ್ಥಿಸುವವರು ಹೇಳುವುದು ಹೀಗೆ: ಆ ಎಂಜಿನ್ ಆ ಹಳಿಯ ಮೇಲೆ ನಿಜವಾಗಿಯೂ ಓಡಿದೆಯಲ್ಲ? ಓಡಿದೆ. ಭೂಕುಸಿತದಿಂದ ಮುಚ್ಚಿದ್ದ ಮಾರ್ಗ 2017ರ ಮಾರ್ಚ್ 31ರಂದು ಮತ್ತೆ ತೆರೆದಾಗ ವಿಶೇಷ ರೈಲನ್ನು ಎಳೆದು ತಂದದ್ದು ಇದೇ ಎಂಜಿನ್. ಆದರೆ ಆ ಎಂಜಿನ್ನಿಗೆ 1959ರಲ್ಲಿ ಜೋಡಿ ಚಿಮಣಿ ಬಂದಿತ್ತು, 1961ರಲ್ಲಿ ಬಾಯ್ಲರಿನ ಮುಂಭಾಗದ ಇಕ್ಕೆಲಗಳಲ್ಲಿ ಹೊಗೆ ತಡೆಯುವ ತಗಡುಗಳು ಬಂದಿದ್ದವು, 1947ರಲ್ಲೇ ಅದು ಎ3 ದರ್ಜೆಗೆ ಬದಲಾಗಿತ್ತು. ಅದೇ ಹಳಿ, ಅದೇ ಎಂಜಿನ್. 2017ಕ್ಕೆ ದಿಟ, 1925ಕ್ಕೆ ಸುಳ್ಳು. ಇಸವಿ ಹೇಳದೆ 'ಇದು ಇಲ್ಲಿ ಓಡಿದೆ' ಎನ್ನುವ ಮಾತಿಗೆ ಪುರಾವೆಯ ಬೆಲೆ ಇಲ್ಲ.

ಜನ ಬಲ್ಲ ಎಂಜಿನ್ ಇಟ್ಟರೆ ಹೊಸಬರು ಬರುತ್ತಾರೆ, ಅದರಿಂದ ಯಾರಿಗೇನು ನಷ್ಟ ಎಂದು ಕೇಳುವವರೂ ಇದ್ದಾರೆ. ನಷ್ಟ ಇದೆ, ಸಣ್ಣದಲ್ಲ. ಸೆಟಲ್ ಜಂಕ್ಷನ್ನಿನಿಂದ ಬ್ಲೀ ಮೂರ್‌ವರೆಗೆ ಸುಮಾರು 24 ಕಿ.ಮೀ. ಉದ್ದಕ್ಕೂ ಬಹುಪಾಲು ನೂರಕ್ಕೆ ಒಂದರ ಏರು. ಮಿಡ್‌ಲ್ಯಾಂಡ್ ಕಂಪನಿ ಸಣ್ಣ ಎಂಜಿನ್‌ಗಳನ್ನೇ ನೆಚ್ಚಿಕೊಂಡಿತ್ತು. ಗಾಡಿ ಭಾರವಾದರೆ ಎರಡನ್ನು ಮುಂದೆ ಜೋಡಿಸಿ ಏರಿಸುತ್ತಿದ್ದರು. ಎರಡು ಎಂಜಿನ್ ಎಂದರೆ ಇಬ್ಬರು ಡ್ರೈವರು, ಇಬ್ಬರು ಫೈರ್‌ಮನ್, ಎರಡು ಪಾಲು ಕಲ್ಲಿದ್ದಲು. ಆ ಕಂಪನಿಯ ನೀತಿಯ ಕುರಿತ ಹಳೆಯ ಚರ್ಚೆಯೆಲ್ಲ ಈ ಏರಿನಲ್ಲೇ ಕಣ್ಣಿಗೆ ಕಾಣಬೇಕಾದದ್ದು. ಅಲ್ಲಿ ಎಲ್.ಎನ್.ಇ.ಆರ್.ನ ದೊಡ್ಡ ಪೆಸಿಫಿಕ್ ಮಾದರಿಯ ಎಂಜಿನ್ ಒಂದೇ ಗಾಡಿ ಎಳೆದುಕೊಂಡು ಹೋದರೆ ಆ ಪ್ರಶ್ನೆಯೇ ಅಳಿಸಿಹೋಗುತ್ತದೆ. ಆಡುವವನು ಬೆಟ್ಟ ಏರಿದ, ಆದರೆ ಆ ಬೆಟ್ಟ ಅಂದಿನ ಕಂಪನಿಯನ್ನು ಹೇಗೆ ದಣಿಸಿತು ಎಂಬುದು ಅವನಿಗೆ ತಿಳಿಯಲೇ ಇಲ್ಲ.

ಎಂಜಿನ್ನಿನ ಹಸಿರು ಬಣ್ಣ ಒಂದಿಷ್ಟು ಗಾಢವೋ ತಿಳಿಯೋ ಎಂದು ತಿಂಗಳುಗಟ್ಟಲೆ ವಾದಿಸುವ ಪಂಡಿತರ ಶ್ರದ್ಧೆಗೆ ನನ್ನ ಗೌರವವಿದೆ. ಆದರೆ ಅವರೇ ಕೈಮರದ ಕಡೆ ಕಣ್ಣೆತ್ತುವುದಿಲ್ಲ. ಮಿಡ್‌ಲ್ಯಾಂಡಿನ ಸಿಗ್ನಲ್ ಕೈ ದಾರಿ ಬಿಟ್ಟಾಗ ಕೆಳಕ್ಕೆ ಇಳಿಯುತ್ತಿತ್ತು. ಮುಂದೆ ಬಂದ ಸಿಗ್ನಲ್ ಕೈ ಮೇಲಕ್ಕೆ ಏಳುತ್ತದೆ. ಡ್ರೈವರು ದಿನವಿಡೀ ನೋಡುತ್ತಿದ್ದದ್ದು ಆ ಕೈಯನ್ನು, ತನ್ನ ಎಂಜಿನ್ನಿನ ಪಕ್ಕೆಯ ಬಣ್ಣವನ್ನಲ್ಲ.

ಇನ್ನು ನಮ್ಮ ಘಾಟಿಗೆ ಬರುತ್ತೇನೆ. ಹಾಸನ-ಮಂಗಳೂರು ಮೀಟರ್ ಗೇಜ್ ಮಾರ್ಗ ಪೂರ್ತಿಯಾದದ್ದು 1979ರಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿ.ಮೀ., 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ, ಐವತ್ತಕ್ಕೆ ಒಂದರ ಏರು. ಗೇಜ್ ಬದಲಾವಣೆಗೆಂದು 1996ರಲ್ಲಿ ಮುಚ್ಚಿದ ಘಾಟಿಯಲ್ಲಿ ಸರಕು ಗಾಡಿ ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ಗಾಡಿ 2007ರಲ್ಲಿ. ಅದೇ ಬೆಟ್ಟ, ಬಹುಮಟ್ಟಿಗೆ ಅದೇ ದಾರಿ, ಆದರೆ ಎರಡು ಬೇರೆ ರೈಲ್ವೆಗಳು. ಮೊದಲನೆಯದು 1000 ಮಿ.ಮೀ. ಅಗಲದ್ದು, ವೈಡಿಎಂ-4 ಡೀಸೆಲ್‌ಗಳ ಕಾಲದ್ದು. ಎರಡನೆಯದು 1676 ಮಿ.ಮೀ.ನದು, ಡಬ್ಲ್ಯೂಡಿಜಿ-4 ಡೀಸೆಲ್‌ಗಳು ಹಿಂದೆ ಮುಂದೆ ನಿಂತು ಸರಕು ಗಾಡಿಗಳನ್ನು ಎಳೆದು ದೂಡಿದ ಕಾಲದ್ದು. ಘಾಟಿಯ ಯಡಕುಮರಿ ಸ್ಟೇಷನ್ನಿನಲ್ಲಿ ವೈಡಿಎಂ-4 ನಿಲ್ಲಿಸಿ, ಪಕ್ಕದ ಲೂಪ್ ಹಳಿಯಲ್ಲಿ ಡಬ್ಲ್ಯೂಡಿಜಿ-4 ಇಟ್ಟು 'ಹಳೆಯ ಘಾಟಿ' ಎಂದು ಕರೆದರೆ ನಾನು ಒಪ್ಪಲಾರೆ. ಒಂದು ದಶಕ ಅತ್ತಿತ್ತ ಆದರೇನು ಎನ್ನುವವರಿಗೆ ಉತ್ತರ ಇಲ್ಲೇ ಇದೆ: ಆ ದಶಕದಲ್ಲೇ ಹಳಿ ಕಿತ್ತದ್ದು.

ಈಗ ಮಾರ್ಗ ಕಟ್ಟುವ ನನ್ನ ಸ್ವಂತ ಕೆಲಸದ ಮಾತು. ಭೂಮಿಯ ಏರಿಳಿತಕ್ಕೆ ಮಾರ್ಗ ಕಟ್ಟುವವರು ಸಾಮಾನ್ಯವಾಗಿ ನೆಚ್ಚುವುದು 2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರಿನಿಂದ ಅಳೆದ ದತ್ತಾಂಶವನ್ನು. ಅದರಲ್ಲಿ ಹೆಚ್ಚು ಬಳಕೆಯಾದ ಆವೃತ್ತಿಯಲ್ಲಿ 90 ಮೀಟರಿಗೊಂದು ಬಿಂದು. ಮೈಕ್ರೋಸಾಫ್ಟ್ ಆಟದ ನೆಲದಲ್ಲಿ 8 ಮೀಟರಿಗೊಂದು ಬಿಂದು. ನಡುವಿನದನ್ನೆಲ್ಲ ಕಂಪ್ಯೂಟರು ಊಹಿಸಿ ತುಂಬುತ್ತದೆ, ನೋಡಲು ನಯವಾಗಿರುತ್ತದೆ, ನಾವು ನಂಬುತ್ತೇವೆ. ಐವತ್ತಕ್ಕೆ ಒಂದರ ಏರಿನಲ್ಲಿ 90 ಮೀಟರಿಗೆ ಹಳಿ ಏರುವುದು 1.8 ಮೀಟರ್. ಆ ದತ್ತಾಂಶಕ್ಕೆ ನಿಗದಿಯಾಗಿದ್ದ ಎತ್ತರದ ನಿಖರತೆಯೇ 16 ಮೀಟರ್. ಅಕ್ಕಪಕ್ಕದ ಬಿಂದುಗಳ ನಡುವೆ ತಪ್ಪು ಅದಕ್ಕಿಂತ ಕಡಿಮೆ ಎನ್ನುವುದು ನಿಜ, ಆದರೂ 1.8 ಮೀಟರನ್ನು ಹಿಡಿಯುವಷ್ಟು ಸೂಕ್ಷ್ಮ ಅದಲ್ಲ. ಸುರಂಗದಲ್ಲಂತೂ ರೇಡಾರಿಗೆ ಕಂಡದ್ದು ಗುಡ್ಡದ ನೆತ್ತಿ, ಕಾಡಿದ್ದಲ್ಲಿ ಮರದ ತಲೆ.

200 ಮೀಟರ್ ಉದ್ದದ ಸುರಂಗವೊಂದನ್ನು ತೆಗೆದುಕೊಳ್ಳಿ. ಅದರೊಳಗೆ ಹಳಿ 4 ಮೀಟರ್ ಏರಬೇಕು. ಕೆಳಗಿನ ಬಾಯಿಯನ್ನು ಒಂದು ಮೀಟರ್ ತಗ್ಗಿಸಿ, ಮೇಲಿನದನ್ನು ಒಂದು ಮೀಟರ್ ಎತ್ತರಿಸಿಬಿಟ್ಟರೆ ಏರು 6 ಮೀಟರ್ ಆಯಿತು, ಅಂದರೆ ಮೂವತ್ತಮೂರಕ್ಕೆ ಒಂದು. ತದ್ವಿರುದ್ಧವಾದರೆ ನೂರಕ್ಕೆ ಒಂದು. ಐವತ್ತಕ್ಕೆ ಒಂದರಲ್ಲಿ 1,000 ಟನ್ನಿನ ಗಾಡಿಯನ್ನು ಬೆಟ್ಟ ಹಿಂದಕ್ಕೆ ಜಗ್ಗುವ ಬಲ 20 ಟನ್. ಮೂವತ್ತಮೂರಕ್ಕೆ ಒಂದರಲ್ಲಿ 30. ನೂರಕ್ಕೆ ಒಂದರಲ್ಲಿ ಬರೀ 10. ದೂಡಲು ಹೆಚ್ಚುವರಿ ಎಂಜಿನ್ (ಬ್ಯಾಂಕರ್) ಬೇಕೋ ಬೇಡವೋ, ಎಷ್ಟು ಬೋಗಿ ಕಟ್ಟಬಹುದು ಎಂಬುದೆಲ್ಲ ಈ ಅಂಕಿಯ ಮೇಲೆ ನಿಂತಿದೆ. ರೇಡಾರ್ ದತ್ತಾಂಶಕ್ಕೆ ಹೊಂದಿಕೆಯಾದರೆ ಮಾರ್ಗ ನಿಖರ ಎಂಬ ವಾದ ಇಲ್ಲಿಗೆ ಬಿದ್ದುಹೋಗುತ್ತದೆ.

ಹಾಗಾದರೆ ಏರನ್ನು ಎಲ್ಲಿಂದ ತರಬೇಕು? ಹಳಿಯ ಬದಿಯಲ್ಲಿ ಎರಡು ತೋಳು ಚಾಚಿ ನಿಂತ ಗ್ರೇಡಿಯಂಟ್ ಪೋಸ್ಟ್ ಇದೆ. ಒಂದು ತೋಳು ಬಂದ ಏರನ್ನೂ ಇನ್ನೊಂದು ಮುಂದಿನ ಏರನ್ನೂ ಹೇಳುತ್ತದೆ. ಅವುಗಳನ್ನು ಕಿ.ಮೀ. ಕಲ್ಲಿನೊಂದಿಗೆ ಬರೆದುಕೊಂಡು, ಒಂದು ಸ್ಟೇಷನ್ನಿನ ಎತ್ತರದಿಂದ ಶುರುಮಾಡಿ ಲೆಕ್ಕ ಹಾಕುತ್ತ ಮುಂದಿನ ಸ್ಟೇಷನ್ನಿಗೆ ತಲುಪಬೇಕು. ನೆಲವನ್ನು ಹಳಿಗೆ ಹೊಂದಿಸಬೇಕೇ ಹೊರತು ಹಳಿಯನ್ನು ನೆಲಕ್ಕಲ್ಲ. ಆಮೇಲೆ ಪರೀಕ್ಷೆ: ಆ ಇಸವಿಯಲ್ಲಿ ರೈಲ್ವೆ ಸಿಬ್ಬಂದಿಗಿದ್ದ ವೇಳಾಪಟ್ಟಿಯ (ವರ್ಕಿಂಗ್ ಟೈಮ್ ಟೇಬಲ್) ಭಾರ ಕಟ್ಟಿ, ಅದೇ ಎಂಜಿನ್ ಹೂಡಿ, ವೇಗದ ಕಟ್ಟಳೆಗಳನ್ನೆಲ್ಲ ಪಾಲಿಸಿ ಓಡಿಸಿದಾಗ ಪಟ್ಟಿಯ ಹೊತ್ತಿಗೆ ಗಾಡಿ ಮುಟ್ಟಬೇಕು. ಬಹಳ ಮುಂಚೆ ಮುಟ್ಟಿದರೆ ಏರು ತಪ್ಪಿದೆ ಅಥವಾ ಎಂಜಿನ್ನಿನ ಬಲ ತಪ್ಪಿದೆ. ಕಣ್ಣಿಗೆ ಚೆಂದ ಕಂಡ ಎಷ್ಟೋ ಮಾರ್ಗಗಳು ಈ ಪರೀಕ್ಷೆಯಲ್ಲಿ ಸೋತದ್ದನ್ನು ನಾನು ನೋಡಿದ್ದೇನೆ.

ಇದು ವೃತ್ತಿಪರರಿಗೆ ಸರಿ, ರಾತ್ರಿ ಹೊತ್ತು ಮನೆಯಲ್ಲಿ ಕೂತು ಕಟ್ಟುವ ಹುಡುಗನಿಗೆ ಇಷ್ಟು ದಾಖಲೆ ಎಲ್ಲಿಂದ ಬರಬೇಕು ಎಂಬ ಆಕ್ಷೇಪ ನ್ಯಾಯವಾದದ್ದೇ. ಅವನು ಊಹಿಸಲಿ. ಆದರೆ ಮಾರ್ಗದ ಜೊತೆ ಕೊಡುವ ವಿವರಣೆಯ ಕಡತದಲ್ಲಿ ಯಾವ ಸ್ಟೇಷನ್ನು ಫೋಟೋ ನೋಡಿ ಕಟ್ಟಿದ್ದು, ಯಾವುದು ಊಹೆ, ಯಾವ ಇಸವಿಗೆ ಎಂದು ಬರೆಯಲಿ. ಅದಕ್ಕೆ ಅರ್ಧ ಪುಟ ಸಾಕು. ಮೇಷ್ಟ್ರು ಹುಡುಗರಿಂದ ಕೇಳುತ್ತಿದ್ದದ್ದೂ ಇಷ್ಟೇ.

ಹಾಸನ, ಸಕಲೇಶಪುರ, ಪುತ್ತೂರು, ಮಂಗಳೂರಿನ ಕಡೆ ಮೀಟರ್ ಗೇಜಿನಲ್ಲಿ ದುಡಿದ ಡ್ರೈವರುಗಳು, ಗಾರ್ಡುಗಳು, ಸ್ಟೇಷನ್ ಮಾಸ್ತರರು ನೆಲೆಸಿದ್ದಾರೆ. ಅವರ ಮನೆಯ ಬೀರುವಿನಲ್ಲಿ 1979ರಿಂದ 1996ರ ನಡುವಿನ ವರ್ಕಿಂಗ್ ಟೈಮ್ ಟೇಬಲ್, ಯಾರ್ಡ್ ಪ್ಲಾನ್, ವೇಗ ತಗ್ಗಿಸಲು ಕೊಡುತ್ತಿದ್ದ ಕಾಷನ್ ಆರ್ಡರ್ ಚೀಟಿ ಇದ್ದರೆ ದಯವಿಟ್ಟು ರದ್ದಿಗೆ ಹಾಕದಿರಲಿ. ದತ್ತಿಯ ಸಮಿತಿ ಅವುಗಳ ಸ್ಕ್ಯಾನ್ ಪ್ರತಿ ಇಟ್ಟುಕೊಳ್ಳಲು ಒಪ್ಪಿದರೆ 1985ರ ಘಾಟಿಯನ್ನು ಸಿಮ್ಯುಲೇಟರಿನಲ್ಲಿ ಕಟ್ಟುವ ಕೆಲಸವನ್ನು ನಾನು ಕೂಡಲೇ ಶುರುಮಾಡಬಲ್ಲೆ. ಎಲ್ಲಕ್ಕಿಂತ ಮೊದಲು ಬೇಕಾದದ್ದು ಸಕಲೇಶಪುರದಿಂದ ದೋಣಿಗಾಲ್‌ವರೆಗಿನ ಏರಿಳಿತದ ಪಟ್ಟಿ.